‘ಪತ್ತೆಯಾಗಿಲ್ಲ’ ಎಂಬ ವರದಿಯನ್ನು ಓದುವ ಬಗೆ



ಮುಂದಿನ ವಾರ ನಮ್ಮ ವಿದ್ಯಾರ್ಥಿಗಳ ತಂಡವು ಬಂಗಾರಪೇಟೆಯ ಮಾರ್ಗವಾಗಿ ಕೋಲಾರ ಚಿನ್ನದ ಗಣಿ ಪ್ರದೇಶಕ್ಕೆ ಅಧ್ಯಯನ ಪ್ರವಾಸ ಹೊರಡಲಿದೆ. ಗಣಿಯ ದಿಬ್ಬದ ಮಣ್ಣನ್ನೂ ಬಂಗಾರಪೇಟೆಯ ಹೊಲದ ಟೊಮೆಟೊವನ್ನೂ ತಂದು, ಎರಡನ್ನೂ ಗ್ಯಾಸ್ ಕ್ರೊಮ್ಯಾಟೊಗ್ರಫಿ ಯಂತ್ರದಲ್ಲಿ ಪರೀಕ್ಷೆ ಮಾಡಿಸೋಣ ಎಂದು ಒಬ್ಬ ವಿದ್ಯಾರ್ಥಿ ಸೂಚಿಸಿದ್ದಾನೆ. ಆ ಸೂಚನೆಯೇ ಇಂದಿನ ನನ್ನ ಮಾತಿಗೆ ಕಾರಣ.

ಮೊದಲು ದಿಬ್ಬದ ಮಣ್ಣು. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯು ಕೈಗೆತ್ತಿಕೊಂಡ ಗಣಿಗಾರಿಕೆಯು 2001ರ ಫೆಬ್ರವರಿ 28ರಂದು ನಿಂತುಹೋಯಿತು. ಬಂಡೆಯನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ನಂತರ ಉಳಿದ ಪುಡಿಯು ಇಂದಿಗೂ ಅಲ್ಲಿದೆ. ಮೂರು ಕೋಟಿ ಟನ್ನಿಗೂ ಮಿಕ್ಕಿದ ರಾಶಿ. ಬಿಡಿಯಾದ ಸೈನೈಡ್ ಗಾಳಿ ಬಿಸಿಲುಗಳಿಗೆ ಕ್ರಮೇಣ ನಾಶವಾಗುತ್ತದೆ. ಲೋಹದೊಡನೆ ಬೆಸೆದುಕೊಂಡದ್ದು ಬಹುಕಾಲ ಉಳಿಯಬಲ್ಲದು. ಸಿಲಿಕಾ ದೂಳು ಮತ್ತು ಲೋಹಾಂಶಗಳಂತೂ ಎಲ್ಲಿಗೂ ಹೋಗುವುದಿಲ್ಲ. ಗ್ಯಾಸ್ ಕ್ರೊಮ್ಯಾಟೊಗ್ರಫಿಯು ಆವಿಯಾಗುವ ವಸ್ತುಗಳನ್ನು ಮಾತ್ರ ಬೇರ್ಪಡಿಸುತ್ತದೆ; ಲೋಹವಾಗಲಿ ಸಿಲಿಕಾ ಆಗಲಿ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಆದ್ದರಿಂದ ಆ ಮಣ್ಣನ್ನು ಲೋಹಪರೀಕ್ಷೆಗೂ ಸೈನೈಡಿನ ಪ್ರತ್ಯೇಕ ಪರೀಕ್ಷೆಗೂ ಕಳುಹಿಸಬೇಕು.

ಟೊಮೆಟೊದ ವಿಷಯ ಬೇರೆ. ಕೀಟನಾಶಕದ ಉಳಿಕೆಗೆ ಈ ಯಂತ್ರ ಯೋಗ್ಯವಾದುದೇ. ಅದರೊಳಗೆ ಸುಮಾರು 30 ಮೀಟರ್ ಉದ್ದದ, ಕಾಲು ಮಿಲಿಮೀಟರ್ ಒಳವ್ಯಾಸದ ಕೊಳವೆಯೊಂದು ಸುರುಳಿಯಾಗಿರುತ್ತದೆ. ಕೊಳವೆಯ ಒಳಮೈಗೆ ತೆಳುವಾದ ಲೇಪವಿದೆ; ಇದಕ್ಕೆ ಸ್ಥಿರ ಪ್ರಾವಸ್ಥೆ ಎಂದು ಹೆಸರು. ಆವಿಯಾದ ವಸ್ತುಗಳನ್ನು ಹೀಲಿಯಂನಂತಹ ಅನಿಲವು ಮುಂದಕ್ಕೆ ತಳ್ಳುತ್ತದೆ, ಲೇಪವು ಹಿಡಿದು ನಿಲ್ಲಿಸುತ್ತದೆ. ಎಣ್ಣೆಯಂತಹ ಅಧ್ರುವೀಯ ಲೇಪದಲ್ಲಿ ವಸ್ತುಗಳು ಹೆಚ್ಚಾಗಿ ಕುದಿಬಿಂದುವಿನ ಕ್ರಮದಲ್ಲಿ ಹೊರಬರುತ್ತವೆ. ಪಾಲಿಎಥಿಲೀನ್ ಗ್ಲೈಕಾಲ್ ಅಥವಾ ಸೈನೋಪ್ರೊಪೈಲ್ ಗುಂಪುಳ್ಳ ಸಿಲಿಕೋನ್‌ನಂತಹ ಧ್ರುವೀಯ ಲೇಪವು, ಸಕ್ಕರೆಯನ್ನು ನೀರು ಒಲಿಸಿಕೊಳ್ಳುವಂತೆ, ಧ್ರುವೀಯ ಅಣುಗಳನ್ನು ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತದೆ. ಒಂದರಲ್ಲಿ ಒಟ್ಟಾಗಿ ಬಂದ ಎರಡು ವಸ್ತುಗಳು ಇನ್ನೊಂದರಲ್ಲಿ ಬೇರೆಯಾಗುವುದು ಹೀಗೆ. (ಹೆಸರಿನಲ್ಲಿ ಸೈನೋ ಇದೆಯೆಂದು ಅಂಜಬೇಕಿಲ್ಲ, ಅದು ಲೇಪಕ್ಕೆ ಬಿಗಿಯಾಗಿ ಬೆಸೆದುಕೊಂಡಿದೆ. ಕೊಳವೆಯೂ ಸಿಲಿಕಾದ್ದೇ! ಗಣಿಕಾರ್ಮಿಕರ ಶ್ವಾಸಕೋಶವನ್ನು ಕೆಡಿಸಿದ ವಸ್ತುವೇ ಇಲ್ಲಿ ಕರಗಿ ಗಾಜಾಗಿದೆ.) ಧ್ರುವೀಯ ಲೇಪಕ್ಕೆ ದೌರ್ಬಲ್ಯವೂ ಉಂಟು: ಗ್ಲೈಕಾಲ್ ಲೇಪವು ಸುಮಾರು 250 ಡಿಗ್ರಿಗಿಂತ ಹೆಚ್ಚಿನ ಶಾಖವನ್ನು ತಾಳದು, ಬಿಸಿಯಲ್ಲಿ ಆಮ್ಲಜನಕ ತಗುಲಿದರೆ ಕೆಡುತ್ತದೆ. ಆದಕಾರಣ ಕೀಟನಾಶಕಗಳಿಗೆ ಅಲ್ಪ ಧ್ರುವೀಯ ಅಥವಾ ಮಧ್ಯಮ ಧ್ರುವೀಯ ಲೇಪಗಳೇ ಹೆಚ್ಚು ಬಳಕೆಯಲ್ಲಿವೆ.

ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಬಂಗಾರಪೇಟೆ ಸಮೀಪದ ಬೆಳೆಗಾರರೊಬ್ಬರ ಟೊಮೆಟೊವನ್ನು ಪರೀಕ್ಷೆಗೆ ಕಳುಹಿಸಿದ್ದೆ. ‘ಪತ್ತೆಯಾಗಿಲ್ಲ’ ಎಂಬ ವರದಿ ಬಂದಿತು. ನಿಶ್ಚಿಂತೆಯಿಂದಿರಿ ಎಂದುಬಿಟ್ಟೆ. ಹಣ್ಣು ಕೀಳುವ ಆ ಮನೆಯ ತಾಯಿ ಕೇಳಿದರು: “ಸಾರ್, ನಾವು ಹೊಡೆದಿದ್ದು ಈ ಪಟ್ಟೀಲಿ ಇದೆಯಾ?” ಇರಲಿಲ್ಲ. ಪಟ್ಟಿಯಲ್ಲಿದ್ದವು ಡಿಡಿಟಿ, ಎಂಡೋಸಲ್ಫಾನ್ ಮುಂತಾದ ಕ್ಲೋರಿನ್ ಬಳಗದವು; ಅವರು ಸಿಂಪಡಿಸಿದ್ದು ಅಸಿಫೇಟ್. ಅದು ಬಲು ಧ್ರುವೀಯ. ಅಧ್ರುವೀಯ ಕೊಳವೆಯಲ್ಲಿ ಅದರ ಶೃಂಗವು ಬಾಲದಂತೆ ಎಳೆದುಕೊಂಡು, ಅಲ್ಪ ಪ್ರಮಾಣವಿದ್ದರೆ ಕಾಣದೆಯೇ ಹೋಗಬಹುದು; ಯಂತ್ರದ ಶಾಖಕ್ಕೆ ಒಡೆಯುವುದೂ ಉಂಟು. ಇಂದು ಇಂತಹವಕ್ಕೆ ಅನೇಕ ಪ್ರಯೋಗಾಲಯಗಳು ದ್ರವ ಕ್ರೊಮ್ಯಾಟೊಗ್ರಫಿಯನ್ನೂ ಮಾಸ್ ಸ್ಪೆಕ್ಟ್ರೊಮೀಟರನ್ನೂ ಬಳಸುತ್ತವೆ. ಆದರೆ ಕೇಳದಿದ್ದರೆ ಯಾರೂ ಹುಡುಕುವುದಿಲ್ಲ.

ನಮ್ಮ ಕಾಳುಮೆಣಸು, ಏಲಕ್ಕಿ, ಬಾವಿನೀರಿಗೂ ಇದೇ ಅನ್ವಯ. ಮಾದರಿಯೊಡನೆ ಬೆಳೆಯ ಹೆಸರು, ಹೊಡೆದ ಔಷಧಿ, ಹೊಡೆದ ದಿನ ಇವನ್ನು ಬರೆದು ಕಳುಹಿಸಿರಿ. ಯಾವ ಯಾವ ವಸ್ತುಗಳನ್ನು ಹುಡುಕಿದಿರಿ, ಎಷ್ಟು ಕಡಿಮೆಯವರೆಗೆ ಕಾಣಬಲ್ಲಿರಿ, ಬೇರೊಂದು ಧ್ರುವೀಯತೆಯ ಕೊಳವೆಯಲ್ಲಾಗಲಿ ಮಾಸ್ ಸ್ಪೆಕ್ಟ್ರೊಮೀಟರಿನಲ್ಲಾಗಲಿ ಖಚಿತಪಡಿಸಿಕೊಂಡಿರಾ ಎಂದು ಕೇಳಿರಿ. ಪ್ರವಾಸಕ್ಕೆ ಹೊರಟವರು ಗಾಳಿ ಬೀಸುವ ಹೊತ್ತಿನಲ್ಲಿ ದಿಬ್ಬವನ್ನು ಹತ್ತಬೇಡಿರಿ; ಆ ಮಣ್ಣನ್ನೂ ಟೊಮೆಟೊವನ್ನೂ ಒಂದೇ ಚೀಲದಲ್ಲಿ ತರಬೇಡಿರಿ.