ನಂದಿದುರ್ಗ: ಬೆಟ್ಟವೇ ಕೋಟೆಯಾದ ಬಗೆ



ಕೋಟೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ರಾಜರು, ಕತ್ತಿ, ಕುದುರೆ. ಇಂದು ನಾವು ಕೋಟೆಯನ್ನು ಕೊಂಚ ಬೇರೆ ಬಗೆಯಲ್ಲಿ ನೋಡೋಣ. ಬೆಟ್ಟದ ತುದಿಯಲ್ಲಿ ಜನ ತಿಂಗಳುಗಟ್ಟಲೆ ಬದುಕಬೇಕಾದರೆ ಏನೇನು ಬೇಕು? ಈ ಪ್ರಶ್ನೆಯಿಂದಲೇ ಆರಂಭಿಸೋಣ.

ಕ್ಯಾಸಂಬಳ್ಳಿ, ಬೇತಮಂಗಲದ ಕಡೆಯವರಿಗೆ ಪಾಲಾರ್ ನದಿ ಪರಿಚಿತ. ಚಿನ್ನದ ಗಣಿಗಳಿಗೆ ನೀರು ಒದಗಿಸಿದ ಬೇತಮಂಗಲದ ಕೆರೆ ತುಂಬುವುದು ಆ ನದಿಯಿಂದಲೇ. ಪಾಲಾರ್, ಪಿನಾಕಿನಿ, ಅರ್ಕಾವತಿಗಳು ಹುಟ್ಟುವ ಗುಡ್ಡಗಾಡಿನ ನಡುವೆ ನಂದಿದುರ್ಗ ನಿಂತಿದೆ. 2007ರವರೆಗೆ ಇದು ಕೋಲಾರ ಜಿಲ್ಲೆಗೆ ಸೇರಿತ್ತು. ಈಗ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಸಮುದ್ರಮಟ್ಟದಿಂದ ಇದರ ಎತ್ತರ 1,478 ಮೀಟರ್.

ಬೆಟ್ಟದ ಬುಡದಲ್ಲಿ ಭೋಗನಂದೀಶ್ವರ, ತುದಿಯಲ್ಲಿ ಯೋಗನಂದೀಶ್ವರ. ಬುಡದ ದೇವಾಲಯದ ಚರಿತ್ರೆ 9ನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಎಂದರೆ ಕೋಟೆಗಿಂತ ಮೊದಲೇ ಇಲ್ಲಿ ದೇವರಿದ್ದ, ಜನರಿದ್ದರು. ಚಿಕ್ಕಬಳ್ಳಾಪುರದ ಪಾಳೆಯಗಾರರು ಬೆಟ್ಟವನ್ನು ಭದ್ರಪಡಿಸಿದರು. ಮುಂದೆ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಕಾಲದಲ್ಲಿ ದೊಡ್ಡ ಗೋಡೆಗಳು ಎದ್ದವು. ಆ ಹೈದರ್ ಹುಟ್ಟಿದ್ದು ನಿಮ್ಮ ನೆರೆಯ ಬೂದಿಕೋಟೆಯಲ್ಲಿ ಎಂಬುದನ್ನು ಮರೆಯಬೇಡಿ.

ಕಟ್ಟಿದವರ ಜಾಣ್ಮೆಯನ್ನು ಗಮನಿಸಿ. ಬೆಟ್ಟದ ಹೆಚ್ಚಿನ ಭಾಗ ಕಡಿದಾದ ಬಂಡೆ. ಪ್ರಕೃತಿಯೇ ಗೋಡೆ ಕಟ್ಟಿಕೊಟ್ಟಿರುವ ಕಡೆ ಮನುಷ್ಯ ಕಲ್ಲು ಹೊರುವುದೇಕೆ? ಹತ್ತಲು ಸಾಧ್ಯವಿದ್ದ ಪಶ್ಚಿಮದ ಇಳಿಜಾರಿನಲ್ಲಿ ಮಾತ್ರ ಒಂದರ ಹಿಂದೆ ಒಂದರಂತೆ ಎರಡು ಗೋಡೆಗಳನ್ನು ಎಬ್ಬಿಸಿದರು. ಕಲ್ಲಿಗಾಗಿಯೂ ದೂರ ಹೋಗಬೇಕಾಗಿರಲಿಲ್ಲ. ಗ್ರಾನೈಟ್ ಬಂಡೆಯಲ್ಲಿ ಸಾಲಾಗಿ ಸಣ್ಣ ಗುಳಿಗಳನ್ನು ಕೊರೆದು, ಬೆಣೆ ಬಡಿದರೆ ಬಂಡೆ ಆ ಸಾಲಿನಲ್ಲೇ ಸೀಳುತ್ತದೆ. ನಮ್ಮ ಕಲ್ಲುಕುಟಿಗರಿಗೆ ಈ ವಿದ್ಯೆ ಹಳೆಯದು.

ಇನ್ನು ನೀರು. ನೀರಿಲ್ಲದ ಕೋಟೆಯನ್ನು ಗೆಲ್ಲಲು ಫಿರಂಗಿ ಬೇಕಿಲ್ಲ, ತಾಳ್ಮೆ ಸಾಕು. ಗ್ರಾನೈಟ್ ತಾನಾಗಿ ನೀರು ಹೀರುವ ಕಲ್ಲಲ್ಲ. ಆದರೆ ಅದರ ಬಿರುಕುಗಳಲ್ಲಿ ಮಳೆನೀರು ಇಳಿಯುತ್ತದೆ, ತಗ್ಗಿನಲ್ಲಿ ಒರತೆಯಾಗಿ ಹೊರಬರುತ್ತದೆ. ಬಂಡೆಯ ಮೇಲಿನ ತಗ್ಗುಗಳಲ್ಲಿ ನಿಲ್ಲುವ ನೀರೇ ದೊಣೆ. ನಂದಿಯ ಮೇಲಿನ ಅಮೃತ ಸರೋವರ ಇಂಥ ಒರತೆಯ ನೀರಿಗೆ ಸುತ್ತಲೂ ಮೆಟ್ಟಿಲು ಕಟ್ಟಿದ ಕಲ್ಯಾಣಿ.

ಇಷ್ಟೆಲ್ಲ ಇದ್ದೂ ಕೋಟೆ ಬಿದ್ದದ್ದು ಹೇಗೆ? 1791ರಲ್ಲಿ, ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ, ಕಾರ್ನ್‌ವಾಲಿಸನ ಸೇನೆ ನಂದಿದುರ್ಗವನ್ನು ಮುತ್ತಿತು. ಭಾರಿ ಫಿರಂಗಿಗಳನ್ನು ಇಳಿಜಾರಿನಲ್ಲಿ ಮೇಲಕ್ಕೆಳೆಯಲು ದಾರಿ ಕಡಿಯಬೇಕಾಯಿತು, ಆನೆಗಳೂ ದುಡಿದವು. ಸುಮಾರು ಮೂರು ವಾರಗಳ ಮುತ್ತಿಗೆಯಲ್ಲಿ ಗೋಡೆ ಬಿರಿಯಿತು. ಅಕ್ಟೋಬರ್ 19ರ ನಸುಕಿಗೆ ಮುನ್ನ, ಬೆಳದಿಂಗಳಲ್ಲಿ, ಜನರಲ್ ಮೆಡೋಸನ ನಾಯಕತ್ವದಲ್ಲಿ ಸೈನಿಕರು ಒಳನುಗ್ಗಿದರು. ಕೋಟೆಯವರು ಮೇಲಿನಿಂದ ಉರುಳಿಸಿದ ಬಂಡೆಗಳು ಗುಂಡಿಗಿಂತ ಹೆಚ್ಚು ಹಾನಿ ಮಾಡಿದವು. ಎತ್ತರದಲ್ಲಿರುವ ಕಲ್ಲಿನಲ್ಲಿ ಅಡಗಿರುವ ಶಕ್ತಿಯನ್ನು ನೀವು ಭೌತಶಾಸ್ತ್ರದಲ್ಲಿ ಓದಿದ್ದೀರಿ; ಅಂದಿನ ಕಾವಲುಗಾರರಿಗೆ ಅದು ಅನುಭವದಿಂದ ಗೊತ್ತಿತ್ತು.

ಆಮೇಲಿನ ಚರಿತ್ರೆ ಬೇರೆ. ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ತಂಪನ್ನು ಅರಸಿ ಇಲ್ಲಿ ಬಂಗಲೆ ಕಟ್ಟಿಸಿದರು. ದುರ್ಗ ಗಿರಿಧಾಮವಾಯಿತು. ಈಗ ಬರುವವರಲ್ಲಿ ಹೆಚ್ಚಿನವರು ಮೋಡ ನೋಡಿ, ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ. ಕೋಟೆಯ ಗೋಡೆ ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಹಾಳು ಕೋಟೆಗೆ ಮಳೆಗಿಂತ ದೊಡ್ಡ ಶತ್ರು ನಮ್ಮ ಉದಾಸೀನ. ಗಾರೆಯ ಸಂದಿನಲ್ಲಿ ಬೇರೂರಿದ ಆಲದ ಸಸಿ ಗೋಡೆಯನ್ನು ಸೀಳುತ್ತದೆ. ಮನೆಯ ತಳಪಾಯಕ್ಕೆಂದು ಕಿತ್ತೊಯ್ದ ಕಲ್ಲು ಮರಳಿ ಬರುವುದಿಲ್ಲ. ಕಲ್ಲು ತಾನಿದ್ದ ಜಾಗದಲ್ಲಿ ಇದ್ದರೆ ಮಾತ್ರ ಸಾಕ್ಷಿ. ಬೇರೆ ಕಡೆ ಅದು ಬರೀ ಕಲ್ಲು.

ಆದ್ದರಿಂದ ನಿಮಗೊಂದು ಕೆಲಸ. ನಿಮ್ಮೂರಿಗೆ ಹತ್ತಿರದ ಕೋಟೆಗೆ ಹೋಗುವಾಗ ನೋಟುಪುಸ್ತಕ ಮತ್ತು ಅಳತೆ ಟೇಪು ಒಯ್ಯಿರಿ. ಬೆಣೆಯ ಗುಳಿಗಳು ಎಲ್ಲಿವೆ, ನೀರು ಎಲ್ಲಿ ನಿಲ್ಲುತ್ತದೆ, ಗೋಡೆ ಯಾವ ದಿಕ್ಕಿಗೆ ದಪ್ಪವಾಗಿದೆ ಎಂದು ಬರೆದುಕೊಳ್ಳಿ. ಒಂದು ನಕ್ಷೆ ಎಳೆಯಿರಿ, ಅದನ್ನು ಶಾಲೆಯಲ್ಲಿಡಿ. ಮುಂದೊಂದು ದಿನ ಆ ಗೋಡೆ ಕುಸಿದರೆ, ಅದು ಹೇಗಿತ್ತೆಂದು ಹೇಳಲು ನಿಮ್ಮ ನಕ್ಷೆಯಾದರೂ ಉಳಿದಿರುತ್ತದೆ.