ಪದವಿ ತರಗತಿಯಿಂದ ಮಿದುಳಿನ ಪ್ರಯೋಗಾಲಯಕ್ಕೆ



ಬಸವಸಾಗರದ ದಂಡೆಯ ಈ ನಾರಾಯಣಪುರದಲ್ಲಿ ಹಾರ್ಮೋನು ಮತ್ತು ಮಿದುಳಿನ ಬಗ್ಗೆ ವಿಚಾರ ಸಂಕಿರಣ ನಡೆಯುತ್ತಿರುವುದು ನನಗೆ ತುಂಬ ಸಂತೋಷ ತಂದಿದೆ. ಮಿದುಳಿನ ಸಂಶೋಧನೆ ಎಂದೊಡನೆ ನಮ್ಮ ಬಿಎಸ್ಸಿ ಮಕ್ಕಳು ಅದು ಡಾಕ್ಟರಿಕೆ ಓದಿದವರ ಕೆಲಸವೆಂದು ಸುಮ್ಮನಾಗಿಬಿಡುತ್ತಾರೆ. ಹಾಗೇನೂ ಇಲ್ಲ. ಬೆಂಗಳೂರಿನಲ್ಲೇ ನಡೆದ ಒಂದು ಕೆಲಸವನ್ನು ನೋಡೋಣ.

ಒತ್ತಡ ಬಿದ್ದಾಗ ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್ ಗ್ರಂಥಿ ನಮ್ಮಲ್ಲಿ ಕಾರ್ಟಿಸಾಲ್, ಇಲಿಗಳಲ್ಲಿ ಕಾರ್ಟಿಕೋಸ್ಟಿರಾನ್ ಸ್ರವಿಸುತ್ತದೆ. ಇಷ್ಟು ನಿಮ್ಮ ಪಠ್ಯದಲ್ಲೇ ಇದೆ. ಈ ಹಾರ್ಮೋನು ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಭಾಗದಲ್ಲಿ ಹೋಗಿ ನೆಲೆನಿಲ್ಲುತ್ತದೆಂದು ಅಮೆರಿಕದ ಬ್ರೂಸ್ ಮೆಕ್ಯೂವನ್ ಮತ್ತು ಸಂಗಡಿಗರು 1968ರಲ್ಲಿ ತೋರಿಸಿದರು. ಹಾಗಾದರೆ ಒತ್ತಡ ಮುಂದುವರಿದರೆ ಈ ಹಿಪೊಕ್ಯಾಂಪಸ್‌ನ, ಭಯವನ್ನು ನೋಡಿಕೊಳ್ಳುವ ಅಮಿಗ್ಡಲದ ಗತಿಯೇನು? ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರವಾದ ಎನ್‌ಸಿಬಿಎಸ್‌ನ ಸುಮಂತ್ರ ಚಟರ್ಜಿಯವರ ತಂಡ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಅವರೊಂದಿಗೆ ಸೇರಿ, 2002ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಇಟ್ಟ ಇಲಿಗಳ ಹಿಪೊಕ್ಯಾಂಪಸ್‌ನಲ್ಲಿ ನರಕೋಶದ ಕವಲುಗಳು ಕುಗ್ಗಿದ್ದವು, ಅಮಿಗ್ಡಲದಲ್ಲಿ ಬೆಳೆದಿದ್ದವು. 2004ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು: 21 ದಿನ ಒತ್ತಡವಿಲ್ಲದೆ ಬಿಟ್ಟರೂ ಅಮಿಗ್ಡಲದ ಕವಲುಗಳು ಮೊದಲಿನಂತಾಗಲಿಲ್ಲ. ದುಗುಡ ಏಕೆ ಬೇಗ ಬಿಟ್ಟುಹೋಗುವುದಿಲ್ಲ ಎಂಬ ಪ್ರಶ್ನೆಗೆ ಇಷ್ಟು ನಿಚ್ಚಳವಾದ ಸುಳಿವು ನಮ್ಮ ರಾಜ್ಯದಿಂದ ಹೋಗಿದೆ ಎಂಬುದು ನನಗೆ ಹೆಮ್ಮೆಯ ವಿಷಯ.

ಈ ಕವಲುಗಳನ್ನು ನೋಡಲು ಬಳಸಿದ್ದು ಇಟಲಿಯ ವಿಜ್ಞಾನಿ ಗಾಲ್ಜಿ 1873ರಲ್ಲಿ ಕಂಡುಕೊಂಡ ಬೆಳ್ಳಿ ನೈಟ್ರೇಟಿನ ವಿಧಾನ. ಸಾವಿರಾರು ಕೋಶಗಳ ನಡುವೆ ಕೆಲವು ಮಾತ್ರ ಬೇರುಬಿಟ್ಟ ಗಿಡದಂತೆ ಕಪ್ಪಾಗಿ ಎದ್ದು ಕಾಣುತ್ತವೆ. ಅಂಥ ಒಂದು ಕೋಶದ ಚಿತ್ರ ಬರೆದು, ಅದರ ಒಡಲನ್ನು ನಡುವಿಟ್ಟು ಒಂದರಾಚೆ ಒಂದು ವೃತ್ತ ಎಳೆದು, ಎಷ್ಟು ಕವಲು ಯಾವ ವೃತ್ತವನ್ನು ದಾಟಿವೆ ಎಂದು ಎಣಿಸಬೇಕು. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಪೆನ್ಸಿಲ್ ಹಿಡಿದು ಸ್ಲೈಡಿನ ಚಿತ್ರ ಬರೆದ ಕೈಗೆ ಇದು ತೀರ ಹೊಸದಲ್ಲ. ಗೆಳೆಯನ ರೆಕಾರ್ಡು ನೋಡಿ ನಕಲು ಮಾಡದೆ, ಕಂಡದ್ದನ್ನೇ ಬರೆಯುವ ಅಭ್ಯಾಸವಿದ್ದರೆ ಅರ್ಧ ತಯಾರಿ ಆದಂತೆ.

ಉಳಿದರ್ಧವನ್ನು ಪ್ರಯೋಗಾಲಯದಲ್ಲೇ ಕಲಿಯಲು ದಾರಿಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ನಡೆಸುತ್ತದೆ. ಆಯ್ಕೆಯಾದವರಿಗೆ 2 ತಿಂಗಳು ವಿಜ್ಞಾನಿಯೊಬ್ಬರ ಕೈಕೆಳಗೆ ಕೆಲಸ ಸಿಗುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇಂಥ ಅವಕಾಶವಿದೆ. ಪದವಿ ಮುಗಿದ ಮೇಲೆ ಸ್ನಾತಕೋತ್ತರ ಪ್ರವೇಶದ ಜ್ಯಾಮ್ ಪರೀಕ್ಷೆ ಬರೆದು ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್ಸಿ) ಇಂಟಿಗ್ರೇಟೆಡ್ ಪಿಎಚ್‌ಡಿಗೂ ಪ್ರಯತ್ನಿಸಬಹುದು.

ಅಕಾಡೆಮಿಯ ಅರ್ಜಿಗೆ ಅಧ್ಯಾಪಕರ ಶಿಫಾರಸು ಪತ್ರ ಬೇಕು. ಆದ್ದರಿಂದ ನನ್ನ ಕೋರಿಕೆ ಮುಖ್ಯವಾಗಿ ಅಧ್ಯಾಪಕರಿಗೆ. ನಿಮ್ಮ ತರಗತಿಯಲ್ಲಿ ಪ್ರಶ್ನೆ ಕೇಳುವ ಒಬ್ಬ ವಿದ್ಯಾರ್ಥಿಯನ್ನಾದರೂ ಈ ವರ್ಷ ಕೂರಿಸಿಕೊಂಡು ಅರ್ಜಿ ಬರೆಸಿ. ಮಗಳನ್ನು ಬೆಂಗಳೂರಿಗೆ ಕಳಿಸಲು ಮನೆಯವರು ಹಿಂದೇಟು ಹಾಕಿದರೆ, ನೀವೇ ಹೋಗಿ ಅವರೊಂದಿಗೆ ಮಾತಾಡಿ.