ಅಂಗೈಗೆ ಬಂದ ಪ್ರಚಾರಸಭೆ

ಹಿಂದೆ ಚುನಾವಣೆ ಬಂತೆಂದರೆ ಲಕ್ಕವಳ್ಳಿಯಂಥ ಊರುಗಳಿಗೆ ಮುಖಂಡರ ಮಾತನ್ನು ತರುತ್ತಿದ್ದುದು ಜೀಪಿಗೆ ಕಟ್ಟಿದ ಧ್ವನಿವರ್ಧಕ, ಕರಪತ್ರ ಮತ್ತು ಸಂಜೆಯ ಬಹಿರಂಗ ಸಭೆ. ಸಭೆಯಲ್ಲಿ ಆಡಿದ ಮಾತು ಎಲ್ಲರ ಕಿವಿಗೂ ಒಂದೇ. ಒಪ್ಪದವರು ಎದ್ದು ನಿಂತು ಕೇಳಬಹುದಾಗಿತ್ತು. ಇಂದು ಅದೇ ಮಾತು ಮೊಬೈಲಿನ ಮೂಲಕ ಒಬ್ಬೊಬ್ಬರಿಗೆ ಒಂದೊಂದು ರೂಪದಲ್ಲಿ ಬರುತ್ತದೆ. ಪಕ್ಕದ ಮನೆಯವರಿಗೆ ಬಂದುದೇನೆಂದು ನಮಗೆ ತಿಳಿಯದು.

ಜನರನ್ನು ಓಲೈಸುವ ರಾಜಕಾರಣ ಹೊಸದಲ್ಲ. ‘ನಾವು ಸಾಮಾನ್ಯರು, ಅವರು ನಮ್ಮನ್ನು ಸುಲಿಯುವವರು, ನಿಮ್ಮ ಪರವಾಗಿರುವವನು ನಾನೊಬ್ಬನೇ’ ಎಂಬುದೇ ಅದರ ತಿರುಳು. ಮೊಬೈಲು ಈ ತಿರುಳನ್ನು ಒಂದು ಚಿತ್ರಕ್ಕೆ, ಅರ್ಧ ನಿಮಿಷದ ವೀಡಿಯೋಗೆ ಇಳಿಸಿದೆ.

ನಮ್ಮ ರಾಜ್ಯದಲ್ಲೇ ನಿದರ್ಶನಗಳಿವೆ. 2022ರ ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ ಪಕ್ಷವು ಅಂದಿನ ಮುಖ್ಯಮಂತ್ರಿಗಳ ಮುಖವನ್ನು ಹಣ ಪಾವತಿಯ ಕ್ಯೂಆರ್ ಚೌಕದೊಳಗೆ ಇಟ್ಟು ‘ಪೇಸಿಎಂ’ ಎಂಬ ಭಿತ್ತಿಪತ್ರ ಹೊರಡಿಸಿತು. ಶೇಕಡ 40 ಕಮಿಷನ್ ಎಂಬ ಆರೋಪವು ವಿವರಣೆಯೇ ಇಲ್ಲದೆ ಮನೆಮನೆಗೆ ತಲುಪಿತು. 2023ರ ಏಪ್ರಿಲಿನಲ್ಲಿ ಅಮುಲ್ ಬೆಂಗಳೂರಿಗೆ ಬರುವುದಾಗಿ ಪ್ರಕಟಿಸಿದಾಗ, ಹಾಲಿನ ಮಾರುಕಟ್ಟೆಯ ಪ್ರಶ್ನೆಯು ‘ನಂದಿನಿ ಉಳಿಸಿ’ ಎಂಬ ಸ್ವಾಭಿಮಾನದ ಕೂಗಾಯಿತು. ಬಿಜೆಪಿಯೂ ಹಿಂದೆ ಬೀಳಲಿಲ್ಲ. ‘ಡಬಲ್ ಎಂಜಿನ್ ಸರ್ಕಾರ’ವೆಂದು ಹೇಳಿತು; ಕಾಂಗ್ರೆಸ್ಸಿನ ಐದು ‘ಗ್ಯಾರಂಟಿ’ಗಳು 2023ರಲ್ಲಿ ಗೆದ್ದ ಮೇಲೆ, 2024ರ ಲೋಕಸಭಾ ಚುನಾವಣೆಯಲ್ಲಿ ‘ಮೋದಿಯ ಗ್ಯಾರಂಟಿ’ ಎಂದು ಅದೇ ಶಬ್ದವನ್ನು ಬಳಸಿತು.

ಭರವಸೆ ಕೊಡುವುದೇ ತಪ್ಪೆಂದು ಇದರ ಅರ್ಥವಲ್ಲ. 2023ರ ಜೂನ್ 11ರಿಂದ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಟಿಕೆಟಿನ ಹಣವಿಲ್ಲದೆ ಓಡಾಡುತ್ತಿರುವುದು ಕಣ್ಣಿಗೆ ಕಾಣುವ ಪ್ರಯೋಜನ. ಆದರೆ ಗ್ಯಾರಂಟಿಗಳಿಗೆ 2024–25ರ ಆಯವ್ಯಯದಲ್ಲಿ ಸುಮಾರು 52 ಸಾವಿರ ಕೋಟಿ ರೂಪಾಯಿ ಇಡಬೇಕಾಯಿತು ಎಂಬ ಲೆಕ್ಕಕ್ಕೆ ಚುನಾವಣೆಯ ಚಿತ್ರದಲ್ಲಿ ಜಾಗವಿರಲಿಲ್ಲ. ಲಾಭವನ್ನು ಒಂದು ಸಾಲಿನಲ್ಲಿ ಹೇಳಬಹುದು. ವೆಚ್ಚವನ್ನು ಹೇಳಲು ಒಂದು ಪುಟ ಬೇಕು.

ನೀರಿನ ವಿಷಯಕ್ಕೆ ಬಂದರೆ ಅಪಾಯ ಇನ್ನೂ ಹತ್ತಿರದ್ದು. ಭದ್ರಾ ಅಣೆಕಟ್ಟು ಲಕ್ಕವಳ್ಳಿಯಲ್ಲಿದೆ. ಬಲದಂಡೆ ನಾಲೆಯಿಂದ ಹೊಸದುರ್ಗ, ತರೀಕೆರೆ ಮೊದಲಾದ ಕಡೆಗೆ ಕುಡಿಯುವ ನೀರು ಒಯ್ಯುವ ಕಾಮಗಾರಿಯನ್ನು 2025ರ ಜೂನಿನಲ್ಲಿ ದಾವಣಗೆರೆಯ ರೈತರು ವಿರೋಧಿಸಿದರು. ಕೊನೆಯ ಭಾಗದ ಗದ್ದೆಯವನ ಆತಂಕ ನಿಜ. ಬಿಂದಿಗೆ ಹಿಡಿದು ನಿಂತವಳ ಬಾಯಾರಿಕೆಯೂ ನಿಜ. ಇಂಥಲ್ಲಿ ‘ನಮ್ಮ ನೀರನ್ನು ಅವರು ಕದಿಯುತ್ತಿದ್ದಾರೆ’ ಎಂಬ ಒಂದು ಸಂದೇಶ ಸಾಕು, ಒಂದೇ ಹೊಳೆಯ ನೀರು ಕುಡಿಯುವವರು ಪರಸ್ಪರ ವೈರಿಗಳಾಗಲು. ಎಷ್ಟು ನೀರು, ಯಾವ ತಿಂಗಳಲ್ಲಿ, ಯಾರ ಪಾಲಿನಿಂದ ಎಂಬ ಮಾತು ಆ ಸಂದೇಶದಲ್ಲಿ ಇರುವುದಿಲ್ಲ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಸಂದೇಶವೊಂದು ಬಂದಾಗ ಇದನ್ನು ಕಳಿಸಿದವರು ಯಾರು, ಇದರ ಖರ್ಚು ಯಾರದು, ಇದು ಯಾರ ಮೇಲೆ ಸಿಟ್ಟು ಬರಿಸುತ್ತಿದೆ ಎಂದು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಅದನ್ನು ಮುಂದಿನವರಿಗೆ ಕಳಿಸಬೇಡಿ. ಮನೆಯವರೆಲ್ಲ ಕೂತು, ಒಬ್ಬೊಬ್ಬರಿಗೆ ಬಂದುದನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಿ. ಹಾಗೆ ಮಾಡಿದರೆ ಗುಟ್ಟಾಗಿ ಬಂದ ಮಾತು ಮತ್ತೆ ಸಭೆಯ ಮಾತಾಗುತ್ತದೆ. ಸಭೆಯಲ್ಲಿ ಪ್ರಶ್ನೆ ಕೇಳುವುದು ನಮಗೆ ಹೊಸದಲ್ಲ.